ಬಾವಿಗೆ ಉಪ್ಪು ಹಾಕಿದವರು

ಅವರಿಗೆ ಕಾಫಿ ಕೊಟ್ಟವರೆಲ್ಲ ಒಮ್ಮೆಯಾದರೂ ಮನಸ್ಸಿಗೆ ಬೇಸರ ಮಾಡಿಕೊಂಡಿದ್ದಾರೆ. ಲೋಟದ ತಳದಲ್ಲಿ ಒಂದು ಗುಟುಕು ಉಳಿಸಿಕೊಂಡು ಅಂಗಳಕ್ಕೆ ಹೋಗುವರು. ಅದನ್ನು ನೆಲಕ್ಕೆ ಸುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನೋಡುತ್ತ ನಿಲ್ಲುವರು. ಕಾಫಿ ಇಂಗಿದರೆ "ಹೋಯ್ತು" ಎಂದು ತಲೆಯಾಡಿಸುವರು. ಇಂಗದೆ ಹರಿದುಹೋದರೆ ಆ ಮನೆಯವರನ್ನು ಒಂದು ಥರ ನೋಡುವರು. ನಮ್ಮ ಕ್ವಾರ್ಟರ್ಸಿಗೆ ಮೊದಲ ಸಲ ಬಂದಾಗಲೂ ಹಾಗೆಯೇ ಮಾಡಿದರು. ಅಮ್ಮ ಅಡುಗೆಮನೆಗೆ ಬಂದು, "ಡಿಕಾಕ್ಷನ್ ನೀರಾಗಿತ್ತೇನೋ, ಚೆಲ್ಬಿಟ್ರು ನೋಡೇ" ಎಂದು ಒದ್ದಾಡಿದಳು. ಅಷ್ಟರಲ್ಲಿ ಹೊರಗಿನಿಂದ ಅವರ ದನಿ ಕೇಳಿಸಿತು: "ನಿಮ್ಮ ಅಂಗಳದ ಮಣ್ಣು ಸತ್ತೋಗಿದೆ ಕಣ್ರೀ. ತುಳಿದೂ ತುಳಿದೂ ಕಲ್ಲು ಮಾಡಿಟ್ಟಿದ್ದೀರಿ."

ಹೋದ ತಿಂಗಳು ತೀರಿಕೊಂಡರು. ಸುದ್ದಿ ತಿಳಿದು ಜಾಲಹಳ್ಳಿಯ ಅವರ ಬಾಡಿಗೆ ಮನೆಗೆ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಮ್ಮ ಹೊಸ್ತಿಲ ಮೇಲೆ ಕುಳಿತಿದ್ದರು. "ಅಕ್ಕ ಏನ್ ಕೆಲಸ ಮಾಡ್ತಿದ್ಲು ಅಂತ ನಮಗೆ ಕೊನೇವರೆಗೂ ಸರಿಯಾಗಿ ಗೊತ್ತಾಗ್ಲಿಲ್ಲಮ್ಮ. ನೆಲಕ್ಕೆ ನೀರು ಇಂಗೋದನ್ನ ನೋಡ್ತಾ ಕೂರೋಕೆ ಸರ್ಕಾರ ಸಂಬಳ ಕೊಡುತ್ತಾ?" ಎಂದು ಕೇಳಿದರು. ಕೊಡುತ್ತದೆ ಎಂದೆ. ಅಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಮಗೆಲ್ಲ ಅವರು ಬರೀ ಮೇಡಂ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಾನು ಬಿ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ದಿನಗೂಲಿಯ ಸಹಾಯಕಿಯಾಗಿ ಸೇರಿದೆ. ಪೀಣ್ಯದ ಶೆಡ್ಡುಗಳ ಸಾಲು ಮುಗಿಯುವಲ್ಲಿ ಆಗಿನ್ನೂ ಒಂದು ತುಂಡು ಕಾಡು ಉಳಿದಿತ್ತು. ಹೊಂಗೆ, ಜಾಲಾರಿ, ಕಾಲಿಟ್ಟಲ್ಲಿ ಮುಳ್ಳುಪೊದೆ. ಒಂದು ಕಡೆಯಿಂದ ಲೇತ್ ಮಷೀನುಗಳ ಕಿರುಚು, ಇನ್ನೊಂದು ಕಡೆ ಇಳಿಜಾರಿನಲ್ಲಿ ರಾಗಿ ಹೊಲ, ಹೊಲದ ಕೆಳಗೆ ಒಂದು ಹಟ್ಟಿ. ಹಟ್ಟಿಗೆಲ್ಲ ಕುಡಿಯಲು ಇದ್ದದ್ದು ಒಂದೇ ಬಾವಿ. ಕಾಡಿನ ಮಣ್ಣಿನಲ್ಲಿ ಮಳೆನೀರು ಹೇಗೆ ಇಳಿಯುತ್ತದೆ ಎಂದು ಅಳೆಯುವುದು ನಮ್ಮ ಕೆಲಸ. ಒಂದು ಕಬ್ಬಿಣದ ಬಳೆ, ಬಂಡಿಚಕ್ರದ ಪಟ್ಟಿಯಷ್ಟು ದಪ್ಪದ್ದು, ಅದನ್ನು ನೆಲಕ್ಕೆ ಬಡಿದು ಕೂರಿಸಿ ಒಳಗೆ ನೀರು ತುಂಬುವುದು. ಅದು ಎಷ್ಟು ಬೇಗ ಇಳಿಯಿತೆಂದು ಗಡಿಯಾರ ಹಿಡಿದು ಬರೆಯುವುದು. ಬರೆಯುವುದು ನನ್ನ ಪಾಲಿನದು. ಮೊದಲಿನಿಂದಲೂ ದಿನಾಂಕ ಹಾಕಿ ಎಲ್ಲವನ್ನೂ ಬರೆದಿಡುವ ಚಟ ನನಗಿತ್ತು. ಅವರಿಗೆ ಅದು ತಮಾಷೆ. "ಏನೇ, ನಿನ್ನ ಪುಸ್ತಕದಲ್ಲಿ ಇವತ್ತು ಮಳೆ ಬಂತಾ? ಬಂದಿಲ್ಲ ಅಂದ್ರೆ ನಾನು ಕೊಡೆ ಬಿಡ್ಸಲ್ಲ" ಎನ್ನುವರು.

ಕ್ಯಾನ್ವಾಸ್ ಶೂ, ಮಂಡಿಯ ಬಳಿ ಕೆಮ್ಮಣ್ಣಿನ ಕಲೆ ಕೂತ ವಾಯಿಲ್ ಸೀರೆ. ನಡೆಯುವಾಗ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಒತ್ತಿ ನಡೆಯುವರು. ಕಾಡಿನೊಳಗೆ ಕಾಲಿಟ್ಟೊಡನೆ ಹೆಜ್ಜೆಯ ಸದ್ದು ಅಡಗುತ್ತಿತ್ತು. ಆಗ ಅವರ ಮುಖ ಸಡಿಲವಾಗುತ್ತಿತ್ತು. "ಕೇಳಿಸ್ತಾ? ಏನೂ ಕೇಳಿಸ್ಲಿಲ್ಲ ತಾನೆ? ಅದೇ. ಒಳಗೆ ಜಾಗ ಇದೆ." ಕಾರ್ಖಾನೆಯ ಮೈದಾನದಲ್ಲಿ ಬಿದ್ದ ಮಳೆ ಚರಂಡಿ ಹುಡುಕಿಕೊಂಡು ಓಡುತ್ತದೆ, ಕಾಡಿನಲ್ಲಿ ಬಿದ್ದದ್ದು ಮೊದಲು ಎಲೆಯ ಮೇಲೆ ಕೂರುತ್ತದೆ, ಆಮೇಲೆ ಕೊಳೆತ ಎಲೆಯ ಹಾಸಿಗೆ ಅದನ್ನು ಹೀರಿ ನಿಧಾನವಾಗಿ ಕೆಳಗೆ ಬಿಡುತ್ತದೆ, ಮೂರು ಮಳೆ ದಾಟಿದ ಮೇಲೂ ಅದು ನಡೆಯುತ್ತಲೇ ಇರುತ್ತದೆ ಎಂದು ವಿವರಿಸುವರು. "ಹಟ್ಟಿಯವರು ಬೇಸಿಗೇಲಿ ಕುಡಿಯೋದು ಹೋದ ವರ್ಷದ ಮಳೇನ. ಅದನ್ನ ಕಾದು ಇಟ್ಟಿರೋದು ಈ ಕಾಡು" ಎನ್ನುವಾಗ ಸ್ವಂತ ಮಗುವನ್ನು ಹೊಗಳುವವರ ಹಾಗೆ ಕಾಣುತ್ತಿದ್ದರು.

ಆ ಹೆಮ್ಮೆಯಿಂದಲೇ ಪ್ರತಿ ವನಮಹೋತ್ಸವಕ್ಕೆ ಒಂದು ಪ್ರದರ್ಶನ ಮಾಡುತ್ತಿದ್ದರು. ಸುತ್ತಲಿನ ಶೆಡ್ಡುಗಳವರು, ಶಾಲೆಯ ಮಕ್ಕಳು, ಹಟ್ಟಿಯವರು ಎಲ್ಲ ಸೇರುವರು. ತಳಕ್ಕೆ ತೂತು ಕೊರೆದ ಎರಡು ಸೀಮೆಎಣ್ಣೆ ಡಬ್ಬ. ಒಂದರಲ್ಲಿ ಮೈದಾನದ ಮಣ್ಣು, ಇನ್ನೊಂದರಲ್ಲಿ ಮೇಲಿನ ಎಲೆ ಸಮೇತ ಕಾಡಿನ ಮಣ್ಣು. ಎರಡಕ್ಕೂ ಹೊಂಡದ ರಾಡಿ ನೀರು ಸುರಿಯುವರು. ಮೈದಾನದ ಡಬ್ಬದಲ್ಲಿ ನೀರು ಮೇಲೆಯೇ ನಿಂತು ತುಳುಕುತ್ತಿತ್ತು. ಕಾಡಿನ ಡಬ್ಬದ ತಳದಿಂದ ತಿಳಿಯಾದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವರು ಆ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು, ಎಲ್ಲರಿಗೂ ತೋರಿಸಿ, ಗಟಗಟ ಕುಡಿದುಬಿಡುವರು. ಮಕ್ಕಳು ಚಪ್ಪಾಳೆ ತಟ್ಟುವರು. ಹಟ್ಟಿಯ ಪಿಳ್ಳಮ್ಮ, ಬಾವಿಕಟ್ಟೆಗೆ ಒತ್ತಿಕೊಂಡೇ ಮನೆಯಿದ್ದ ಹೆಂಗಸು, "ನಾವು ದಿನಾ ಕುಡಿಯೋ ನೀರ ನೀನು ವರ್ಸಕ್ಕೊಂದ್ಸಲ ಕುಡುದ್ರೆ ಚಪ್ಪಾಳೆ. ನಮಗ್ಯಾರವ್ವ ತಟ್ತಾರೆ?" ಎಂದು ಎಲ್ಲರನ್ನೂ ನಗಿಸುವಳು.

ಒಂದು ವರ್ಷ ಹಾಗೆ ನಗುವವರ ನಡುವೆ ಶ್ರೀನಿವಾಸ್ ಕೂಡ ಇದ್ದರು. ಕಾಡಿನ ಅಂಚಿಗೆ ಹೊಸದಾಗಿ ಎದ್ದ ಒಂದು ಶೆಡ್ಡಿನ ಸೂಪರ್‌ವೈಸರ್. ಸೈಕಲ್ಲಿನ ಹ್ಯಾಂಡಲ್, ಮಡ್‌ಗಾರ್ಡ್‌ಗಳಿಗೆ ಕ್ರೋಮಿಯಂ ಹೊಳಪು ಹಾಕುವ ಶೆಡ್ಡು ಅದು. ಸಜ್ಜನರು, ಸಸಿ ನೆಡಲು ಹುಡುಗರನ್ನೂ ಕರೆತಂದಿದ್ದರು. ಡಬ್ಬದ ಹತ್ತಿರ ಬಂದು ಮಣ್ಣನ್ನು ಮುಟ್ಟಿ ಮುಟ್ಟಿ ನೋಡಿದರು. "ಎಂಥಾ ಗಲೀಜು ನೀರಾದ್ರೂ ಸೋಸುತ್ತಾ ಮೇಡಂ?" "ಸೋಸುತ್ತೆ ಸಾರ್, ಅದರ ಕೆಲಸಾನೇ ಅದು" ಎಂದರು ಮೇಡಂ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು.

ಮರುವರ್ಷ ಮುಂಗಾರು ಹಿಡಿದ ಹೊಸತರಲ್ಲಿ ಪಿಳ್ಳಮ್ಮ ನಮ್ಮ ಕಚೇರಿಯ ಶೀಟಿನ ಮನೆಗೆ ಬಂದಳು. ಸೊಂಟದಲ್ಲಿ ಬಿಂದಿಗೆ. ಮೇಜಿನ ಮೇಲಿದ್ದ ಬಿಳಿ ಪಿಂಗಾಣಿ ಬೋಗುಣಿಗೆ ತಾನೇ ನೀರು ಬಗ್ಗಿಸಿದಳು. ನೀರು ತಿಳಿಯಾಗಿತ್ತು. ಬಣ್ಣ ಮಾತ್ರ ನಿಂಬೆಹಣ್ಣಿನ ಸಿಪ್ಪೆಯಂಥ ಹಳದಿ.

"ಇದ ಕುಡಿ ಮೇಡಮ್ಮ. ಚಪ್ಪಾಳೆ ತಟ್ತೀನಿ."

ಮೇಡಂ ಬೋಗುಣಿಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. "ಯಾವಾಗಿಂದ?"

"ಮಳೆ ಉಯ್ದಾಗಿಂದ. ಸೊಸೆ ಬಾಣಂತಿ. ಮಗೀಗೆ ಮೈ ತೊಳುದ್ರೆ ಕೆಂಪಗೆ ಬೊಕ್ಕೆ ಏಳ್ತಾವೆ. ಎಮ್ಮೆ ಮುಸುಡಿ ತಿರುಗುಸ್ತದೆ, ನಾವು ತಿರುಗ್ಸಂಗಿಲ್ಲ. ಇನ್ನೆಲ್ಲಿಗೋಗಾನ? ಫ್ಯಾಕ್ಟ್ರಿ ಕಾಲೋನಿ ನಲ್ಲಿ ತಾವ ಓದ್ರೆ ವಾಚ್‌ಮನ್ನು ಕೋಲು ತಕ್ಕೊಂಡು ನಿಂತವ್ನೆ."

ಮೇಡಂ ಶೂ ಹಾಕಿಕೊಂಡು ಹೊರಟರು. ನಾನು ಹಿಂದೆ. ಬಾವಿಯಿಂದ ಇಳಿಜಾರು ಹತ್ತಿ, ಹೊಲ ದಾಟಿ, ಕಾಡಿನ ಉದ್ದಕ್ಕೂ ನಡೆದು ಆಚೆ ಅಂಚಿಗೆ ಬಂದೆವು. ಅಲ್ಲಿ ಶ್ರೀನಿವಾಸರ ಶೆಡ್ಡಿನ ಹಿಂಬಾಗಿಲಿನಿಂದ ಒಂದು ಕಾಲುವೆ ನೇರವಾಗಿ ಕಾಡಿನೊಳಕ್ಕೆ ಬಂದಿತ್ತು. ನೀಟಾಗಿ ಅಗೆದು, ಎರಡೂ ಬದಿಗೆ ಕಲ್ಲು ಜೋಡಿಸಿದ್ದರು. ಕಾಲುವೆ ಮುಗಿಯುವುದು ಒಂದು ಹಳೇ ಹೊಂಗೆಯ ಬುಡದಲ್ಲಿ. ಅಲ್ಲಿ ಎಲೆ ದಟ್ಟವಾಗಿತ್ತು, ಮಣ್ಣು ಮೆತ್ತಗಿತ್ತು. ನಮ್ಮ ಅಳತೆಯಲ್ಲಿ ನೀರು ಎಲ್ಲಕ್ಕಿಂತ ಬೇಗ ಇಳಿಯುತ್ತಿದ್ದ ಜಾಗವೂ ಅದೇ. ಹಳದಿ ನೀರು ಬಂದು ಬಂದು ಅಲ್ಲಿ ಸದ್ದಿಲ್ಲದೆ ಇಂಗುತ್ತಿತ್ತು.

ಶ್ರೀನಿವಾಸ್ ಓಡಿ ಬಂದರು. ಮುಖದಲ್ಲಿ ನಗುವಿತ್ತು. "ನೋಡಿದ್ರಾ ಮೇಡಂ? ಬೇರೆ ಶೆಡ್ಡಿನವರೆಲ್ಲ ರಸ್ತೆ ಮೋರಿಗೆ ಬಿಡ್ತಾರೆ. ನಾನು ಓನರ್ ಹತ್ರ ಹಟ ಹಿಡ್ದು ಇಲ್ಲಿಗೆ ತಂದೆ. ಕಾಡಿನ ಮಣ್ಣಿಗೇ ಕೊಟ್ಬಿಟ್ರೆ ಸೋಸಿ ಕಳಿಸುತ್ತೆ ಅಂತ. ಒಳ್ಳೇ ಜಾಗ ನೋಡಿ ನಾನೇ ಆರಿಸಿದ್ದು."

ಮೇಡಂ ಆ ಕಲ್ಲಿನ ಮೇಲೆ ಕೂತುಬಿಟ್ಟರು. "ಸಾರ್, ನಾನು ಸೋಸಿ ತೋರಿಸಿದ್ದು ಮಣ್ಣು ರಾಡೀನ. ಇದು ನೀರಲ್ಲಿ ಕರಗಿರೋ ಕ್ರೋಮಿಯಂ. ಎಲೆ, ಮಣ್ಣು ಸ್ವಲ್ಪ ಹಿಡ್ಕೋಬೋದು, ಆದ್ರೆ..." ಅಷ್ಟಕ್ಕೆ ನಿಲ್ಲಿಸಿದರು. ಶ್ರೀನಿವಾಸರ ನಗು ಇಳಿದುಹೋಗಿತ್ತು. "ಲೋಟ ಎತ್ತಿ ಕುಡಿದವಳು ನಾನಲ್ವಾ?" ಎಂದರು ಮೇಡಂ, ಯಾರಿಗೆ ಎಂದು ಗೊತ್ತಾಗದ ಹಾಗೆ.

ಕಾಲುವೆ ಮುಚ್ಚಲು ಶ್ರೀನಿವಾಸರಿಗೆ ಅಧಿಕಾರವಿರಲಿಲ್ಲ. ಶೆಡ್ಡಿನ ಮಾಲೀಕರು ಕೂಗಾಡುವ ಮನುಷ್ಯರಲ್ಲ. ನಮಗೆ ಕುರ್ಚಿ ಹಾಕಿಸಿ, ಟೀ ತರಿಸಿದರು. ಮೇಡಂ ಲೋಟ ಮುಟ್ಟಲಿಲ್ಲ. "ಇಲ್ಲಿ ಇಷ್ಟೊಂದು ಶೆಡ್ ಇದಾವೆ ಮೇಡಂ. ಬಾವಿಗೆ ಬಂದಿರೋದು ನಮ್ಮದೇ ಅಂತ ಹೆಂಗೆ ಹೇಳ್ತೀರಾ? ಮಧ್ಯೆ ಪೂರ್ತಿ ಕಾಡಿದೆ. ಕಾಡಿನ ಮಣ್ಣು ಸೋಸುತ್ತೆ ಅಂತ ನೀವೇ ವರ್ಷಾ ವರ್ಷಾ ಹೇಳ್ತೀರಿ. ನಿಮ್ಮ ಕಾಡಿನ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದರು.

ಆ ಮಾತು ಮೇಡಂ ಅವರನ್ನು ತಿಂದುಹಾಕಿತು. ಮೇಲಿನ ಕಚೇರಿಗೆ ಪತ್ರ ಬರೆದರು, ಶೀಷೆಯಲ್ಲಿ ನೀರು ತುಂಬಿ ಕಳಿಸಿದರು. ನೀರು ಕುಡಿಯಲು ಯೋಗ್ಯವಲ್ಲ, ಕಾರಣ ಯಾರೆಂದು ಹೇಳಲಾಗದು ಎಂಬ ಉತ್ತರ ಬಂತು. ಅಷ್ಟು ದಿನವೂ ಹಟ್ಟಿಯವರು ಅದನ್ನೇ ಕುಡಿಯುತ್ತಿದ್ದರು. ಕೆಲವರು ಬಟ್ಟೆಯಲ್ಲಿ ಸೋಸಿ, ಕೆಲವರು ಕಾಯಿಸಿ. ಕಾಯಿಸಿದರೆ ಬಣ್ಣ ಇನ್ನೂ ಗಟ್ಟಿಯಾಗುತ್ತದೆ ಎಂದು ಮೇಡಂ ಮನೆ ಮನೆಗೆ ಹೋಗಿ ಹೇಳಿದರು. "ಕಾಯಿಸ್‌ಬ್ಯಾಡಿ ಅಂತೀಯ, ಕುಡೀಬ್ಯಾಡಿ ಅಂತೀಯ. ಏನ್ ಮಾಡ್ಬೇಕು ಅದಾನಾ ಯೋಳು" ಎಂದು ಒಬ್ಬ ಮುದುಕ ಬಾಗಿಲು ಹಾಕಿಕೊಂಡ. ಕಾಲೋನಿಯ ವಾಚ್‌ಮನ್ನಿನ ಹತ್ತಿರ ಮೇಡಂ ಕೈಮುಗಿದದ್ದನ್ನು ನಾನೇ ಕಂಡಿದ್ದೇನೆ. ಬಾಣಂತಿಯ ಮನೆಗೆ ಒಂದು ಕೊಡಕ್ಕೆ ಮಾತ್ರ ಅವನು ಒಪ್ಪಿದ.

ಒಂದು ಬೆಳಗ್ಗೆ ಪ್ರಯೋಗಾಲಯದ ನೀಲಿ ಬಣ್ಣವನ್ನು ಬಕೆಟ್ಟಿನಲ್ಲಿ ಕಲಸಿ, ಹೊಂಗೆಯಿಂದ ಸ್ವಲ್ಪ ದೂರದಲ್ಲಿ ಬಳೆ ಕೂರಿಸಿ ಸುರಿದರು. ಮಾರನೆಯ ದಿನ ಆ ಜಾಗದಲ್ಲಿ ಗುಂಡಿ ತೋಡಿಸಿದರು. ಗೋಡೆಯನ್ನು ಕರಣೆಯಿಂದ ತೆಳ್ಳಗೆ ಕೆರೆಯುತ್ತ ಹೋದಂತೆ ನನಗೂ ಕಂಡಿತು. ನೀಲಿ ಎಲ್ಲ ಕಡೆ ಹರಡಿರಲೇ ಇಲ್ಲ. ಮೇಲಿನ ಎಲೆಯ ಪದರ ನೀಲಿಯಾಗಿತ್ತು, ಅದರ ಕೆಳಗೆ ಮಣ್ಣು ಹಾಗೇ ಕೆಂಪಗೆ ಒಣಗಿತ್ತು. ಅಲ್ಲೊಂದು ಇಲ್ಲೊಂದು ಬೆರಳಿನಂಥ ಗೆರೆಗಳು ಮಾತ್ರ ಕಡುನೀಲಿಯಾಗಿ ಕೆಳಕ್ಕೆ ಇಳಿದಿದ್ದವು. ಎಂದೋ ಸತ್ತು ಕೊಳೆತ ಬೇರುಗಳು ಬಿಟ್ಟುಹೋದ ಕೊಳವೆಗಳು ಅವು. ಕೆಲವು ಗೆದ್ದಲ ದಾರಿಗಳು. ಗುಂಡಿಯ ತಳದ ಗೊರಚು ಕಲ್ಲುಮಣ್ಣಿನವರೆಗೂ ನೀಲಿ ಹೋಗಿ, ಅದರಾಚೆಗೂ ಇಳಿದಿತ್ತು.

ಮೇಡಂ ಗುಂಡಿಯೊಳಗೆ ನಿಂತು ಆ ಗೆರೆಗಳ ಮೇಲೆ ಬೆರಳಾಡಿಸಿದರು. "ಮಣ್ಣನ್ನ ಮುಟ್ಟೇ ಇಲ್ಲ ಕಣೇ. ಸತ್ತ ಬೇರಿನ ದಾರೀಲಿ ನೆಟ್ಟಗೆ ಇಳ್ದುಬಿಟ್ಟಿದೆ. ಕಾಡು ಹಳೇದಾದಷ್ಟೂ ಈ ದಾರಿ ಜಾಸ್ತಿ. ನನಗೆ ಗೊತ್ತಿತ್ತು. ನೀರು ಬೇಗ ಇಂಗುತ್ತೆ, ಬಾವಿ ತುಂಬುತ್ತೆ ಅಂತ ಈ ದಾರೀನೇ ನಾನು ಹೊಗಳ್ತಿದ್ದೆ. ಡಬ್ಬಕ್ಕೆ ಮಣ್ಣು ತುಂಬುವಾಗ ಬೇರೆಲ್ಲ ಆರಿಸಿ ಎಸೀತಿದ್ದೆ, ನೋಡೋಕೆ ಚೆನ್ನಾಗಿರ್ಲಿ ಅಂತ." ಆ ಕೊನೆಯ ಮಾತನ್ನು ಹೇಳುವಾಗ ಅವರು ನನ್ನ ಕಡೆ ತಿರುಗಲಿಲ್ಲ.

ಮಾಲೀಕರು ಬಂದು ಗುಂಡಿ ನೋಡಿದರು. "ಇದು ಆಳುದ್ದದ ಗುಂಡಿ. ಬಾವಿ ಎಲ್ಲಿದೆ, ಇದೆಲ್ಲಿದೆ?" ಎಂದರು.

ಆಗ ಮೇಡಂಗೆ ಉಪ್ಪಿನ ಯೋಚನೆ ಬಂತು. ಉಪ್ಪನ್ನು ಮಣ್ಣು ಹಿಡಿದುಕೊಳ್ಳುವುದಿಲ್ಲ, ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಪತ್ತೆಗೆ ಪ್ರಯೋಗಾಲಯ ಬೇಡ, ನಾಲಿಗೆ ಸಾಕು. ಆ ಶೆಡ್ಡಿನ ಕಾಲುವೆಯಲ್ಲಿ ಮಾತ್ರ ಉಪ್ಪು ಸುರಿದರೆ, ಬಾವಿಗೆ ಬಂದ ಉಪ್ಪು ಬೇರೆ ಯಾರದ್ದೂ ಆಗಲಾರದು. ಉಪ್ಪು ಬಂದರೆ ಕಾಲುವೆ ಮುಚ್ಚಿಸುತ್ತೇನೆಂದು ಮಾಲೀಕರು ಎಲ್ಲರ ಮುಂದೆ ಒಪ್ಪಿದರು. ಬರುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಒಪ್ಪಬೇಕಾಗಿದ್ದವರು ಹಟ್ಟಿಯವರು.

ಬಾವಿಕಟ್ಟೆಯ ಸುತ್ತ ಎಲ್ಲರೂ ಸೇರಿದ್ದರು. ಮೇಡಂ ಹೇಳಿ ಮುಗಿಸಿದಾಗ ಪಿಳ್ಳಮ್ಮನೇ ಬಾಯಿ ಬಿಟ್ಟಳು.

"ಬಾವಿಗೆ ಉಪ್ಪಾಕೋದು ದಾಯಾದಿಗಳು ಮಾಡೋ ಕೆಲಸ ಕಣವ್ವ."

"ಗೊತ್ತು ಪಿಳ್ಳಮ್ಮ."

"ಅವ್ರು ಅಳದಿ ಆಕುದ್ರು, ನೀನು ಉಪ್ಪಾಕ್ತೀಯ. ಇನ್ನೊಬ್ರು ಬಂದು ಮೆಣಸಿನ್ಕಾಯಿ ಆಕ್ಲಿ, ಸಾರಾಯ್ತದೆ." ಯಾರೋ ನಕ್ಕರು. ಅವಳು ನಗಲಿಲ್ಲ. "ಉಪ್ಪು ಬಂದ್ರೆ ಏನು? ಬರ್ದಿದ್ರೆ ಏನು?"

"ಬಂದ್ರೆ ಅವರ ಕಾಲುವೆ ನಿಲ್ಲುತ್ತೆ. ಬರದಿದ್ರೆ ನಾನು ಹೇಳಿದ್ದು ಸುಳ್ಳು. ಬಾವಿಗೆ ಬೇರೆ ಕಡೆಯಿಂದ ಬರ್ತಿದೆ ಅಂತ."

"ನಿಂಗೇನು ಬೇಕು? ಬರ್ಬೇಕಾ, ಬರ್ಬಾರ್ದಾ?"

ಮೇಡಂ ಬಾವಿಯೊಳಗೆ ಬಗ್ಗಿ ನೋಡಿದರು. ಪಿಳ್ಳಮ್ಮ ಅವರ ಮುಖವನ್ನೇ ನೋಡುತ್ತಿದ್ದು, ಕೊನೆಗೆ "ಆಕು ಓಗು" ಎಂದಳು.

ಯಶವಂತಪುರದ ಮಂಡಿಯಿಂದ ಕಲ್ಲುಪ್ಪಿನ ಮೂಟೆಗಳನ್ನು ಶ್ರೀನಿವಾಸ್ ತಾವೇ ಟೆಂಪೋದಲ್ಲಿ ತಂದರು. ಶೆಡ್ಡಿನ ಹುಡುಗರು, "ಏನ್ ಗುರು, ನಮ್ಮ ಸೂಪರ್‌ವೈಸರ್ರು ಕಾಡಿಗೆ ಉಪ್ಪಿನಕಾಯಿ ಹಾಕ್ತಾವ್ರೆ" ಎಂದು ಹಂಗಿಸಿದರು. ಅವರು ತಲೆ ಎತ್ತಲಿಲ್ಲ. ಕಾಲುವೆಯಲ್ಲಿ ಉಪ್ಪು ಕರಗಿ ಹೊಂಗೆಯ ಬುಡದಲ್ಲಿ ಇಳಿಯಿತು. ಕೊನೆಯ ಮೂಟೆ ಖಾಲಿಯಾದ ಮೇಲೆ ಮೇಡಂ ಆ ಮರದ ಕಾಂಡಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತರು. ಆ ಮರ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ದಿನಾ ಬೆಳಗ್ಗೆ ನಾವು ಬಾವಿಗೆ ಹೋಗುತ್ತಿದ್ದೆವು. ಪಿಳ್ಳಮ್ಮ ಸೇದಿ ಕೊಡುವಳು. ಮೂವರೂ ಒಂದೊಂದು ಹನಿ ನಾಲಿಗೆಯ ಮೇಲೆ ಬಿಟ್ಟುಕೊಂಡು ಉಗುಳುವುದು. ನಾಲಿಗೆ ಮೋಸ ಮಾಡಬಾರದೆಂದು ಮೇಡಂ ಊಟದಲ್ಲಿ ಉಪ್ಪು ಬಿಟ್ಟರು. ಮಧ್ಯಾಹ್ನ ಡಬ್ಬಿಯಲ್ಲಿ ಸಪ್ಪೆ ಮೊಸರನ್ನ. ಅದನ್ನೂ ಅರ್ಧಕ್ಕೆ ಮುಚ್ಚಿಡುವರು. ನಾನು ದಿನಚರಿಯಲ್ಲಿ ದಿನಾಂಕದ ಮುಂದೆ "ಇಲ್ಲ" ಎಂದು ಬರೆಯುತ್ತಿದ್ದೆ. ಮಳೆಯೂ ಬಿಡುವು ಕೊಟ್ಟಿತ್ತು. ಒಂದು ದಿನ ಹಿಂದಿರುಗುವಾಗ ಹೊಲದ ಬದುವಿನ ಮೇಲೆ ನಿಂತು, "ಬರದೇ ಇರ್ಲಿ ಕಣೇ" ಎಂದರು.

"ಬರದಿದ್ರೆ ಕಾಲುವೆ ನಿಲ್ಲಲ್ಲ ಮೇಡಂ."

"ಗೊತ್ತು. ಆದ್ರೂ. ಈ ಕಾಡು ನೀರನ್ನ ಹಿಡ್ಕೊಂಡಿದೆ, ನಾನೇ ಮೂರ್ಖಿ ಅಂತ ಆಗ್ಲಿ. ಕೆಲಸ ಹೋದ್ರೂ ಚಿಂತೆ ಇಲ್ಲ. ಬೇರೆ ಯಾರದ್ದೋ ಅಂತ ಹುಡುಕ್ತೀನಿ." ಅವರು ಅತ್ತದ್ದನ್ನು ನಾನು ನೋಡಿಲ್ಲ. ಅವತ್ತಿನ ಆ ಮುಖ ನೋಡುವುದು ಅಳು ನೋಡುವುದಕ್ಕಿಂತ ಕಷ್ಟವಾಗಿತ್ತು.

ಆಮೇಲೆ ಎರಡು ದಿನ ಬಿಡದೆ ಮಳೆ ಹೊಯ್ದಿತು. ಮಳೆ ನಿಂತ ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಪಿಳ್ಳಮ್ಮ ಸೇದಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನಮ್ಮನ್ನು ನೋಡಿಯೂ ಏಳಲಿಲ್ಲ.

"ಬಂತು ಕಣವ್ವ" ಎಂದಳು.

ಮೇಡಂ ಬೊಗಸೆಯಲ್ಲಿ ನೀರೆತ್ತಿದರು. ಈ ಸಲ ಹನಿಯಲ್ಲ, ಬಾಯಿ ತುಂಬ ತೆಗೆದುಕೊಂಡರು. ಉಗುಳಲಿಲ್ಲ, ನುಂಗಿದರು. ಹಳದಿಯೂ ಉಪ್ಪೂ ಸೇರಿದ ನೀರು. ನಾನು ಬೇಡ ಎನ್ನುವಷ್ಟರಲ್ಲಿ ಮುಗಿದಿತ್ತು.

ಮಾಲೀಕರು ಮಾತಿಗೆ ತಪ್ಪಲಿಲ್ಲ. ಬಂದು, ತಾವೇ ರುಚಿ ನೋಡಿ, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಹೋದರು. ಸಂಜೆಯೊಳಗೆ ಕಾಲುವೆಯ ಬಾಯಿಗೆ ಸಿಮೆಂಟು ಬಿತ್ತು. ಹಟ್ಟಿಯ ಹುಡುಗರು ಗೆದ್ದವರ ಹಾಗೆ ಕೂಗಿದರು. ಕೂಗು ಅಡಗಿದ ಮೇಲೆ ಪಿಳ್ಳಮ್ಮ ಎಲ್ಲರಿಗೂ ಕೇಳಿಸುವಂತೆ ಕೇಳಿದಳು:

"ಇನ್ನ ಬಾವಿ ಯಾವಾಗ ಸರಿಯಾಯ್ತದೆ?"

ಅಷ್ಟು ದಿನ ಒಳಗೆ ಇಳಿದದ್ದೆಲ್ಲ ಕೆಳಗಿನ ಗೊರಚಿನಲ್ಲಿ ಸೇರಿಕೊಂಡಿತ್ತು. ಇನ್ನು ಪ್ರತಿ ಮಳೆಯೂ ಅದನ್ನು ಸ್ವಲ್ಪ ಸ್ವಲ್ಪವಾಗಿ ತೊಳೆದು ಬಾವಿಗೇ ತರುತ್ತದೆ. ಮೂರು ಮಳೆ ದಾಟಿದ ಮೇಲೂ ನಡೆಯುತ್ತಲೇ ಇರುವ ನೀರು. ಯಾವ ಪ್ರಶ್ನೆಗೂ "ಇರಿ, ಅಳೆದು ಹೇಳ್ತೀನಿ" ಎನ್ನುತ್ತಿದ್ದವರು ಅವರು.

"ನಂಗೊತ್ತಿಲ್ಲ ಪಿಳ್ಳಮ್ಮ" ಎಂದರು. "ನಿನ್ನ ಮೊಮ್ಮಗಳು ದೊಡ್ಡೋಳಾಗೋವರೆಗೂ ಕುಡೀಬೇಡಿ. ಆಮೇಲೂ ಕೇಳಿ ಕುಡೀರಿ."

"ಯಾರ್ನ ಕೇಳಾನ?"

ಹಟ್ಟಿಯವರು ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಕಾಲೋನಿಯ ದಿಕ್ಕಿಗೆ ಹೊರಟರು. ವಾಚ್‌ಮನ್ನು ಒಳಗೆ ಬಿಡುವನೋ ಇಲ್ಲವೋ ತಿಳಿಯದೆ. ಪಿಳ್ಳಮ್ಮ ಮಾತ್ರ ಉಳಿದಳು. ಕಟ್ಟೆ ಹತ್ತಿ, ರಾಟೆಯಿಂದ ಹಗ್ಗವನ್ನು ಎಳೆದು ಸುತ್ತತೊಡಗಿದಳು. ಹಗ್ಗ ಬಿಚ್ಚಿದ ಬಾವಿ ಎಂದರೆ ಮುಚ್ಚಿದ ಬಾವಿ, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ತುದಿಯಲ್ಲಿ ಬಕೆಟ್ಟಿನ ಗಂಟು ಮಳೆಯಲ್ಲಿ ನೆನೆದು ಬಿಗಿದುಕೊಂಡಿತ್ತು. ಅವಳು ಉಗುರಿನಿಂದ ಕಿತ್ತಳು, ಹಲ್ಲಿನಿಂದ ಕಚ್ಚಿದಳು, ಅದು ಬಿಡಲಿಲ್ಲ.

ಮೇಡಂ ಹೋಗಿ ಅವಳ ಪಕ್ಕ ಕೂತರು. ಪಿಳ್ಳಮ್ಮ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಗಂಟನ್ನು ಸ್ವಲ್ಪ ಅವರ ಕಡೆಗೆ ಸರಿಸಿದಳು. ಇಬ್ಬರೂ ತಲೆ ಬಗ್ಗಿಸಿ, ಒಬ್ಬರ ಬೆರಳಿಗೆ ಒಬ್ಬರ ಬೆರಳು ತಾಗಿಸಿಕೊಂಡು, ಕತ್ತಲಾಗುವವರೆಗೆ ಅದನ್ನು ಬಿಚ್ಚುತ್ತ ಕೂತಿದ್ದರು.